ಅನ್ಯೂರಿಸಂ ಶಸ್ತ್ರಚಿಕಿತ್ಸೆಯ ನಂತರ ಯಾರು ಬದುಕುತ್ತಾರೆ? ರೋಗಿಗಳಿಂದ ಕಲಿತ ಏಳು ಪಾಠಗಳು

“ಆಪರೇಷನ್ ಮಾಡಿದರೆ ಉಳೀತಾರಾ ಡಾಕ್ಟ್ರೇ? ಎಷ್ಟು ಪರ್ಸೆಂಟ್ ಹೇಳಿ.” ಹೊಟ್ಟೆಯೊಳಗಿನ ಮಹಾಪಧಮನಿ ಉಬ್ಬಿಕೊಂಡಿದೆ ಎಂದು ತಿಳಿದ ಕೂಡಲೇ ಮನೆಯವರು ಕೇಳುವ ಪ್ರಶ್ನೆ ಇದು. ಸಾಮಾನ್ಯವಾಗಿ ಸುಮಾರು 2 ಸೆಂ.ಮೀ. ಅಗಲವಿರುವ ಈ ರಕ್ತನಾಳ 3 ಸೆಂ.ಮೀ. ಮುಟ್ಟಿದರೆ ಅದನ್ನು ಅನ್ಯೂರಿಸಂ ಎನ್ನುತ್ತೇವೆ. ಅದು ಒಡೆದರೆ ಅನೇಕರು ಆಸ್ಪತ್ರೆಯ ಬಾಗಿಲನ್ನೂ ತಲುಪುವುದಿಲ್ಲ. ಹಾಗಾಗಿ ಮನೆಯವರ ಪ್ರಶ್ನೆ ನ್ಯಾಯವಾದದ್ದು, ಉತ್ತರ ಕೊಡುವುದು ನಮ್ಮ ಕರ್ತವ್ಯ. ರಕ್ತನಾಳ ಶಸ್ತ್ರಚಿಕಿತ್ಸಕನಾಗಿ ಆ ಉತ್ತರವನ್ನು ಪ್ರಾಮಾಣಿಕವಾಗಿ ಹುಡುಕುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಸುಮ್ಮನಿದ್ದರೆ ಏನಾಗುತ್ತದೆ ಎಂಬುದನ್ನು ಮೊದಲು ಲೆಕ್ಕಹಾಕಿ

ಆಪರೇಷನ್ನಿನ ಅಪಾಯವನ್ನು ಒಂಟಿಯಾಗಿ ನೋಡಿದರೆ ಅರ್ಥವಿಲ್ಲ, ಉಬ್ಬು ಒಡೆಯುವ ಅಪಾಯದ ಪಕ್ಕದಲ್ಲಿಟ್ಟು ತೂಗಬೇಕು. 4ರಿಂದ 5.5 ಸೆಂ.ಮೀ. ಒಳಗಿನ ಉಬ್ಬುಗಳನ್ನು ಬೇಗನೆ ಆಪರೇಷನ್ ಮಾಡಿದರೆ ಆಯಸ್ಸು ಹೆಚ್ಚುತ್ತದೆಯೇ ಎಂದು ಬ್ರಿಟನ್ ಮತ್ತು ಅಮೆರಿಕದಲ್ಲಿ ದೊಡ್ಡ ಪ್ರಯೋಗಗಳು ನಡೆದವು. 1998 ಮತ್ತು 2002ರಲ್ಲಿ ಬಂದ ಫಲಿತಾಂಶ ಎರಡೂ ಕಡೆ ಒಂದೇ: ಹೆಚ್ಚುವುದಿಲ್ಲ. ಹಾಗಾಗಿ ಗಂಡಸರಲ್ಲಿ 5.5 ಸೆಂ.ಮೀ. ಆಗುವವರೆಗೆ ಸ್ಕ್ಯಾನ್ ಮಾಡುತ್ತ ಕಾಯುತ್ತೇವೆ. ಹೆಂಗಸರಲ್ಲಿ ಉಬ್ಬು ಚಿಕ್ಕದಿದ್ದಾಗಲೇ ಒಡೆಯುವ ಸಂಭವ ಹೆಚ್ಚು, ಅವರ ಗಡಿ 5 ಸೆಂ.ಮೀ. ಸುಮಾರು.

2. ಯೋಜಿತ ಮತ್ತು ತುರ್ತು ಆಪರೇಷನ್ನಿಗೆ ಒಂದೇ ಅಂಕಿ ಹೇಳಬೇಡಿ

ಬ್ರಿಟನ್ನಿನ ಇವಾರ್-1 ಪ್ರಯೋಗದಲ್ಲಿ, ಮುಂಚಿತವಾಗಿ ಯೋಜಿಸಿ ಮಾಡಿದ ಆಪರೇಷನ್ನಿನ ನಂತರ 30 ದಿನಗಳೊಳಗೆ ಸತ್ತವರು ಹೊಟ್ಟೆ ತೆರೆದವರಲ್ಲಿ ಶೇ. 4.7, ತೊಡೆಯ ರಕ್ತನಾಳದ ಮೂಲಕ ಉಬ್ಬಿನೊಳಗೆ ಕೊಳವೆಯಂಥ ಸ್ಟೆಂಟ್ ಗ್ರಾಫ್ಟ್ ಹಾಕಿದವರಲ್ಲಿ ಶೇ. 1.7. ಒಡೆದ ಅನ್ಯೂರಿಸಂ ಇದ್ದವರ ಮೇಲೆ ನಡೆದ ಇಂಪ್ರೂವ್ ಪ್ರಯೋಗದಲ್ಲಿ ಇದೇ 30 ದಿನಗಳ ಸಾವು ಕ್ರಮವಾಗಿ ಶೇ. 37.4 ಮತ್ತು 35.4. ಅದೂ ಆಸ್ಪತ್ರೆಯನ್ನು ಜೀವಂತ ತಲುಪಿದವರ ಲೆಕ್ಕ. ರೋಗ ಒಂದೇ ಆದರೂ ಒಡೆಯುವ ಮೊದಲು ಬಂದವರ ಅದೃಷ್ಟವೇ ಬೇರೆ.

3. ಮೂವತ್ತನೇ ದಿನಕ್ಕೆ ಲೆಕ್ಕ ಮುಗಿಯುವುದಿಲ್ಲ

1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹ್ವಾನ್ ಪರೋಡಿ ಹೊಟ್ಟೆಯ ಅನ್ಯೂರಿಸಂಗೆ ಸ್ಟೆಂಟ್ ಗ್ರಾಫ್ಟ್ ಹಾಕಿದ ಮೇಲೆ ಈ ವಿಧಾನ ಜಗತ್ತಿನಾದ್ಯಂತ ಹರಡಿತು. ಆರಂಭದ ಲಾಭ ನಿಜ. ಆದರೆ ಇವಾರ್-1ರ ರೋಗಿಗಳನ್ನು ಸುಮಾರು 15 ವರ್ಷ ಹಿಂಬಾಲಿಸಿದಾಗ ಆ ಲಾಭ ಕರಗಿತ್ತು. ಎಂಟು ವರ್ಷಗಳ ಆಚೆಗೆ ಹೊಟ್ಟೆ ತೆರೆದು ಮಾಡಿಸಿಕೊಂಡವರೇ ಹೆಚ್ಚು ಉಳಿದಿದ್ದರು. ಗ್ರಾಫ್ಟ್ ಹಾಕಿದ ಉಬ್ಬು ಆಮೇಲೆ ಒಡೆದದ್ದು ಅದಕ್ಕೆ ಒಂದು ಕಾರಣ.

ಆದ್ದರಿಂದ ಗಟ್ಟಿಮುಟ್ಟಾದ ಅರವತ್ತರ ರೋಗಿಗೂ ಎಂಬತ್ತರ ರೋಗಿಗೂ ನನ್ನ ಸಲಹೆ ಬೇರೆ ಬೇರೆ. ಸ್ಟೆಂಟ್ ಹಾಕಿಸಿಕೊಂಡವರು ಜೀವನಪೂರ್ತಿ ಸ್ಕ್ಯಾನ್‌ಗೆ ಬರಬೇಕು. ದೂರದ ಹಳ್ಳಿಯಿಂದ, ದಿನದ ಕೂಲಿ ಬಿಟ್ಟು, ಪ್ರತಿ ವರ್ಷ ಬರಲು ಸಾಧ್ಯವೇ ಎಂಬುದೂ ಆಯಸ್ಸಿನ ಪ್ರಶ್ನೆಯೇ. ಅದನ್ನು ಆಪರೇಷನ್ನಿಗೆ ಮೊದಲೇ ಕೇಳಿ.

4. ಸ್ಕೋರ್ ಎಲ್ಲಿ ಹುಟ್ಟಿತೆಂದು ವಿಚಾರಿಸಿ

1994ರಲ್ಲಿ ಪ್ರಕಟವಾದ ಗ್ಲಾಸ್ಗೋ ಅನ್ಯೂರಿಸಂ ಸ್ಕೋರ್ ಸರಳವಾದದ್ದು. ವಯಸ್ಸಿಗೆ ಹೃದ್ರೋಗವಿದ್ದರೆ 7, ಪಾರ್ಶ್ವವಾಯುವಿನಂಥ ಮಿದುಳಿನ ರಕ್ತನಾಳದ ತೊಂದರೆಗೆ 10, ಮೂತ್ರಪಿಂಡದ ಕಾಯಿಲೆಗೆ 14, ಶಾಕ್ ಸ್ಥಿತಿಗೆ 17 ಸೇರಿಸಬೇಕು. 70 ವರ್ಷದ ರೋಗಿಗೆ ಹೃದ್ರೋಗವೂ ಮೂತ್ರಪಿಂಡದ ತೊಂದರೆಯೂ ಇದ್ದರೆ 91. ಯಾರ ಅಪಾಯ ಹೆಚ್ಚು, ಯಾರದು ಕಡಿಮೆ ಎಂದು ಸಾಲು ನಿಲ್ಲಿಸಲು ಇದು ನೆರವಾಗುತ್ತದೆ. ಆದರೆ ಸ್ಕಾಟ್ಲೆಂಡಿನ ರೋಗಿಗಳಿಂದ ಕಟ್ಟಿದ ಲೆಕ್ಕ ನಮ್ಮ ವಾರ್ಡಿನಲ್ಲಿ ಅದೇ ಶೇಕಡಾವಾರು ಸಾವನ್ನು ಹೇಳುತ್ತದೆಂಬ ಖಾತರಿಯಿಲ್ಲ. ಪ್ರತಿ ಆಸ್ಪತ್ರೆಯೂ ತನ್ನ ಫಲಿತಾಂಶಗಳನ್ನು ಬರೆದಿಟ್ಟು, ಸ್ಕೋರ್ ಹೇಳಿದ್ದರೊಂದಿಗೆ ತಾಳೆ ನೋಡಬೇಕು. ಇನ್ನೊಂದು ಎಚ್ಚರ: ಸ್ನಾಯು ಕರಗಿದ ತೆಳ್ಳಗಿನ ವೃದ್ಧರಲ್ಲಿ ಮೂತ್ರಪಿಂಡ ಸೋತಿದ್ದರೂ ಅದನ್ನು ಅಳೆಯಲು ನೋಡುವ ರಕ್ತದ ಕ್ರಿಯಾಟಿನಿನ್ ಸಹಜವೆಂಬಂತೆ ಕಾಣಬಹುದು.

5. ‘ಬದುಕುವುದೇ ಇಲ್ಲ’ ಎನ್ನುವ ಸ್ಕೋರನ್ನು ನಂಬಬೇಡಿ

ಒಡೆದ ಅನ್ಯೂರಿಸಂಗಾಗಿ 1996ರಲ್ಲಿ ಹಾರ್ಡ್‌ಮನ್ ಸೂಚ್ಯಂಕ ಬಂತು. ಅದರಲ್ಲಿ ಐದು ಅಂಶಗಳು: 76 ದಾಟಿದ ವಯಸ್ಸು, ಕ್ರಿಯಾಟಿನಿನ್ ಏರಿಕೆ, ಹಿಮೋಗ್ಲೋಬಿನ್ ಕುಸಿತ, ಇಸಿಜಿಯಲ್ಲಿ ಹೃದಯಕ್ಕೆ ರಕ್ತ ಸಾಲದ ಗುರುತು, ಆಸ್ಪತ್ರೆಗೆ ಬಂದ ಮೇಲೆ ಪ್ರಜ್ಞೆ ತಪ್ಪುವುದು. ಮೂರು ಅಥವಾ ಹೆಚ್ಚು ಇದ್ದವರು ಮೊದಲ ಅಧ್ಯಯನದಲ್ಲಿ ಯಾರೂ ಉಳಿದಿರಲಿಲ್ಲ. ಆಮೇಲೆ ಬೇರೆ ಕೇಂದ್ರಗಳಲ್ಲಿ ಅಂಥವರೂ ಬದುಕಿ ಮನೆಗೆ ಹೋದರು. ಚಿಕ್ಕ ಗುಂಪಿನಲ್ಲಿ ಕಂಡ ಸೊನ್ನೆ ಎಲ್ಲ ಕಾಲಕ್ಕೂ ಸೊನ್ನೆಯಾಗಿ ಉಳಿಯುವುದಿಲ್ಲ. ಅಂಕಿಯೊಂದರ ಮೇಲೆ ಭಾರ ಹಾಕಿ ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚುವ ಹಕ್ಕು ನಮಗಿಲ್ಲ.

6. ರೋಗಿ ನಡೆದು ಬರುವುದನ್ನು ನೋಡಿ

ಮೆಟ್ಟಿಲು ಹತ್ತುತ್ತಾರೆಯೇ? ಸ್ನಾನ, ಊಟಕ್ಕೆ ಇನ್ನೊಬ್ಬರ ಕೈ ಬೇಕೇ? ಆರು ತಿಂಗಳಲ್ಲಿ ತೂಕ ಇಳಿದಿದೆಯೇ? ಈ ದೌರ್ಬಲ್ಯವನ್ನು ಒಂದರಿಂದ ಒಂಬತ್ತರವರೆಗೆ ಅಳೆಯುವ ರಾಕ್‌ವುಡ್ ಮಾಪಕವಿದೆ. ಅದನ್ನು ಬಳಸಲು ಕಣ್ಣು ಮತ್ತು ತಾಳ್ಮೆ ಸಾಕು. ಹೊಟ್ಟೆ ತೆರೆಯುವಷ್ಟು ಶಕ್ತಿಯಿಲ್ಲದ ರೋಗಿಗಳಿಗೆ ಸ್ಟೆಂಟ್ ಹಾಕಿ ನೋಡಿದ ಇವಾರ್-2 ಪ್ರಯೋಗದಲ್ಲಿ, ಉಬ್ಬಿನಿಂದಾಗುವ ಸಾವು ತಗ್ಗಿತು, ಒಟ್ಟು ಆಯಸ್ಸು ಮಾತ್ರ ಹೆಚ್ಚಲಿಲ್ಲ. ಹೃದಯ, ಶ್ವಾಸಕೋಶಗಳೇ ಸೋತಿದ್ದರೆ ರಕ್ತನಾಳವೊಂದನ್ನೇ ಸರಿಪಡಿಸಿ ಬದುಕನ್ನು ಹಿಗ್ಗಿಸಲಾಗುವುದಿಲ್ಲ.

ಹಾಗೆಂದು ಇದನ್ನೆಲ್ಲ ಹಣೆಬರಹವೆಂದು ಬಿಡಬೇಕಿಲ್ಲ. ತುರ್ತಿಲ್ಲದಿದ್ದರೆ ಕೆಲವು ವಾರ ತೆಗೆದುಕೊಳ್ಳಿ: ಬೀಡಿ, ಸಿಗರೇಟು ಬಿಡಿಸಿ, ರಕ್ತಹೀನತೆ ಸರಿಪಡಿಸಿ, ಸ್ಟಾಟಿನ್ ಆರಂಭಿಸಿ, ದಿನವೂ ನಡೆಸಿ.

7. ಅಂಕಿ ಹೇಳಿ, ನಿರ್ಧಾರ ಅವರಿಗೆ ಬಿಡಿ

“ನಿಮ್ಮಂಥ ನೂರು ಜನರಿಗೆ ಈ ಆಪರೇಷನ್ ಮಾಡಿದರೆ ಸುಮಾರು ತೊಂಬತ್ತೈದು ಮಂದಿ ಮನೆಗೆ ಹೋಗುತ್ತಾರೆ, ಐದು ಮಂದಿ ಹೋಗಲಿಕ್ಕಿಲ್ಲ. ನೀವು ಯಾವ ಕಡೆ ಎಂದು ನನಗೆ ಮೊದಲೇ ಗೊತ್ತಾಗದು.” ಹೀಗೆ ಹೇಳಿದರೆ ಓದು ಬಾರದವರೂ ಅರ್ಥ ಮಾಡಿಕೊಳ್ಳುತ್ತಾರೆ. ಮಕ್ಕಳೊಂದಿಗೆ ಮಾತ್ರ ಮಾತಾಡಿ ಮುಗಿಸಬೇಡಿ, ಹಾಸಿಗೆಯ ಮೇಲಿರುವವರನ್ನೂ ಕೇಳಿ. ಆಲ್ಬರ್ಟ್ ಐನ್‌ಸ್ಟೈನ್ ಅವರ ಮಹಾಪಧಮನಿಯ ಉಬ್ಬಿಗೆ 1948ರಲ್ಲಿ ರುಡಾಲ್ಫ್ ನಿಸೆನ್ ಸೆಲೋಫೇನ್ ಸುತ್ತಿದ್ದರು. 1955ರಲ್ಲಿ ಅದು ಒಡೆದಾಗ ಐನ್‌ಸ್ಟೈನ್ ಮತ್ತೊಂದು ಆಪರೇಷನ್ ಬೇಡವೆಂದರು. ತಿಳಿದು ಬೇಡ ಎನ್ನುವುದೂ ರೋಗಿಯ ಹಕ್ಕು.

ಓದುಗರಲ್ಲಿ ಒಂದು ಕೋರಿಕೆ. ಬ್ರಿಟನ್ 65 ತುಂಬಿದ ಗಂಡಸರನ್ನು ಹೊಟ್ಟೆಯ ಸ್ಕ್ಯಾನ್‌ಗೆ ಕರೆಯುತ್ತದೆ. ನಮ್ಮಲ್ಲಿ ಅಂಥ ರಾಷ್ಟ್ರೀಯ ವ್ಯವಸ್ಥೆ ಇಲ್ಲ. ನಿಮ್ಮ ಮನೆಯಲ್ಲಿ 65 ದಾಟಿದ, ಧೂಮಪಾನ ಮಾಡುವ ಅಥವಾ ಹಿಂದೆ ಮಾಡುತ್ತಿದ್ದ ಗಂಡಸರಿದ್ದರೆ, ಅಥವಾ ಅಪ್ಪನಿಗೋ ಅಣ್ಣತಮ್ಮಂದಿರಿಗೋ ಈ ರೋಗವಿದ್ದರೆ, ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ. ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ ಅದು. ಒಡೆಯುವ ಮೊದಲೇ ಉಬ್ಬನ್ನು ಕಂಡುಹಿಡಿಯುವುದಕ್ಕಿಂತ ಹೆಚ್ಚು ಜೀವ ಉಳಿಸುವ ದಾರಿ ಈ ರೋಗದಲ್ಲಿ ಬೇರೊಂದಿಲ್ಲ.