ಮಗು ಬಂದು ಹೇಳುವಂಥ ಮನೆ

ಇಂದಿನ ಚಿಂತನೆ ನನ್ನ ಮನೆಯಲ್ಲೇ ನಡೆದದ್ದು.

ನನ್ನ ಮಗಳು ಎಂಟನೇ ತರಗತಿ. ಮೊಬೈಲ್ ಆಟವೊಂದರ ಚಾಟ್‌ನಲ್ಲಿ, ತಾನೂ ಅವಳ ವಯಸ್ಸಿನ ಹುಡುಗಿ ಎಂದು ಹೇಳಿಕೊಂಡು ಒಬ್ಬ ಪರಿಚಯವಾದ. ಕೆಲವು ದಿನ ಸಿಹಿಯಾಗಿ ಮಾತಾಡಿದ. ಆಮೇಲೆ ಫೋಟೊ ಕೇಳಿದ. ಮುಖದ ಫೋಟೊ ಕಳಿಸಿದಳು. ಮುಂದೆ ಕೇಳಬಾರದ್ದನ್ನು ಕೇಳಿದ. ಇವಳು ಆಗಲ್ಲ ಎಂದಾಗ, ಅದೇ ಮುಖವನ್ನು ಕೆಟ್ಟ ಚಿತ್ರಕ್ಕೆ ಅಂಟಿಸಿ ಕ್ಲಾಸಿನವರಿಗೆಲ್ಲ ಕಳಿಸುತ್ತೇನೆಂದು ಹೆದರಿಸಿದ. ಪ್ರೊಫೈಲಿನಲ್ಲಿದ್ದ ಬಾಬಾಸಾಹೇಬರ ಚಿತ್ರ ನೋಡಿ ಜಾತಿ ಹಿಡಿದು ಬೈದ. ಮಗಳು ಆ ಚಿತ್ರವನ್ನೇ ತೆಗೆದುಬಿಟ್ಟಿದ್ದಳು.

ಹನ್ನೊಂದು ದಿನ ಇದನ್ನೆಲ್ಲ ಒಳಗೇ ಇಟ್ಟುಕೊಂಡಿದ್ದಳು. ಕೊನೆಗೆ ಹೇಳಿದ್ದು ಅವಳ ಚಿಕ್ಕಮ್ಮನಿಗೆ. "ಅಪ್ಪಂಗೆ ಮಾತ್ರ ಹೇಳ್ಬೇಡ ಚಿಕ್ಕಮ್ಮ, ಫೋನ್ ಒಡೆದುಹಾಕ್ತಾರೆ" ಅಂದಳಂತೆ. ಆ ಮಾತನ್ನು ಹಿಂದೊಮ್ಮೆ, ಅಂಕ ಕಡಿಮೆ ಬಂದ ಸಿಟ್ಟಿನಲ್ಲಿ, ನಾನೇ ಆಡಿದ್ದೆ. ಇಪ್ಪತ್ತು ವರ್ಷದಿಂದ ಊರ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ನನ್ನ ಮಗುವಿಗೇ ನನ್ನ ಹತ್ತಿರ ಬರಲು ಧೈರ್ಯವಿರಲಿಲ್ಲ.

ಅಂದು ರಾತ್ರಿ ಮಜ್ಝಿಮ ನಿಕಾಯದ 61ನೇ ಸುತ್ತ ತೆಗೆದು ಓದಿದೆ. ಭಗವಾನ್ ಬುದ್ಧರು ತಮ್ಮ ಮಗ ರಾಹುಲನಿಗೆ ಹೇಳಿದ ಪಾಠ ಅದು. ಕಾಲು ತೊಳೆದ ಪಾತ್ರೆಯಲ್ಲಿ ಉಳಿದ ಸ್ವಲ್ಪ ನೀರನ್ನು ತೋರಿಸಿ, ಸುಳ್ಳು ಹೇಳುವವನ ಸತ್ತ್ವ ಇಷ್ಟೇ ಎನ್ನುತ್ತಾರೆ. ಕನ್ನಡಿ ಯಾತಕ್ಕೆ ಎಂದು ಕೇಳುತ್ತಾರೆ. ಕನ್ನಡಿಯಲ್ಲಿ ನೋಡಿಕೊಳ್ಳುವ ಹಾಗೆ, ಪ್ರತಿ ಕೆಲಸವನ್ನೂ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ. ನಿನಗಾಗಲಿ ಇತರರಿಗಾಗಲಿ ನೋವಾಗುವುದಾದರೆ ಬಿಡು ಎಂದು ಕಲಿಸುತ್ತಾರೆ. ತಪ್ಪು ನಡೆದುಹೋಗಿದ್ದರೆ ಗುರುಗಳ ಬಳಿಯೋ ತಿಳಿದವರ ಬಳಿಯೋ ಅದನ್ನು ತೆರೆದು ಹೇಳು, ಮುಂದೆ ಎಚ್ಚರವಾಗಿರು ಎನ್ನುತ್ತಾರೆ.

ಈ ಕೊನೆಯ ಮಾತು ನನ್ನನ್ನು ತಡೆದು ನಿಲ್ಲಿಸಿತು. ಮಗು ತೆರೆದು ಹೇಳಬೇಕಾದರೆ ಹೆದರಿಸದೆ ಕೇಳುವವರು ಮನೆಯಲ್ಲಿರಬೇಕು. ಹೆದರಿಸುವವನ ಬಲವೆಲ್ಲ ಇರುವುದು ಮಗು ಮನೆಯಲ್ಲಿ ಹೇಳುವುದಿಲ್ಲ ಎಂಬ ನಂಬಿಕೆಯಲ್ಲಿ. ಆ ಹನ್ನೊಂದು ದಿನ ನನ್ನ ಸಿಟ್ಟು ಅವನ ಕೆಲಸವನ್ನೇ ಮಾಡಿತು.

ಮರುದಿನ ಮಗಳ ಬಳಿ ಕ್ಷಮೆ ಕೇಳಿದೆ. ಆಮೇಲೆ ದೂರು ಕೊಟ್ಟೆವು.

ನಿಮ್ಮ ಮನೆಗೂ ಇಂಥದ್ದು ಬಂದರೆ ನೆನಪಿಡಿ:

1. ಮೊದಲ ಮಾತು "ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿಂದಲ್ಲ" ಎಂದಿರಲಿ.
2. ಏನನ್ನೂ ಅಳಿಸಬೇಡಿ. ಚಾಟ್, ಪ್ರೊಫೈಲ್, ಜಾತಿ ನಿಂದನೆಯ ಸಂದೇಶ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ನಂತರ ಬ್ಲಾಕ್ ಮಾಡಿ. ಮಗುವಿನ ಕೆಟ್ಟ ಚಿತ್ರವನ್ನು ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ.
3. ಹಣ ಕೊಡಬೇಡಿ, ಇನ್ನೊಂದು ಫೋಟೊ ಕಳಿಸಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ.
4. ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಕ್ಕಳ ವಿರುದ್ಧದ ಲೈಂಗಿಕ ಅಪರಾಧಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು.
5. ಮರ್ಯಾದೆ ಹೋಗುತ್ತದೆಂದು ಹಿಂಜರಿಯಬೇಡಿ. 2012ರ ಪೋಕ್ಸೊ ಕಾಯ್ದೆ ಮಗುವಿನ ಗುರುತನ್ನು ಕಾಪಾಡುತ್ತದೆ.

ಬಾರದಂತೆ ತಡೆಯಲು: ಆಟದಲ್ಲಿ ಅಪರಿಚಿತರ ಚಾಟ್ ಬಂದ್ ಮಾಡಿಸಿ. ರಾತ್ರಿ ಎಲ್ಲರ ಫೋನೂ, ನಮ್ಮದೂ ಸೇರಿ, ನಡುಮನೆಯಲ್ಲೇ ಇರಲಿ. ಸೆಟ್ಟಿಂಗ್ ಗೊತ್ತಿಲ್ಲದಿದ್ದರೆ ಮಕ್ಕಳನ್ನೇ ಕೇಳಿ ಕಲಿಯೋಣ, ಅದರಲ್ಲಿ ನಾಚಿಕೆ ಬೇಡ.

ಬಾಬಾಸಾಹೇಬರ ಚಿತ್ರವನ್ನು ಮಗಳು ಮತ್ತೆ ಹಾಕಿಕೊಂಡಿದ್ದಾಳೆ. ಪ್ರೊಫೈಲ್ ಈಗ ಪರಿಚಯದವರಿಗೆ ಮಾತ್ರ ಕಾಣುತ್ತದೆ.

*ಇಂದಿನ ಅಭ್ಯಾಸ:* ಮಲಗುವ ಮುನ್ನ ಎರಡು ನಿಮಿಷ ಉಸಿರನ್ನು ಗಮನಿಸಿ ಕುಳಿತು, ನಮ್ಮನ್ನೇ ಕೇಳಿಕೊಳ್ಳೋಣ: ನನ್ನ ಮಗು ತಪ್ಪು ಮಾಡಿದರೆ ಮೊದಲು ಯಾರ ಬಳಿ ಹೋಗುತ್ತದೆ?

ನಮೋ ಬುದ್ಧಾಯ. ಜೈ ಭೀಮ್.