ಯೀಸ್ಟಿನ ಪೊರೆಯೂ ಹೆಪ್ಪುಗಟ್ಟಿಸುವ ಚಳಿಯೂ

ಸದಸ್ಯ ಬಂಧುಗಳಲ್ಲಿ ಕೆಲವರು ಈಚೆಗೆ ಯೀಸ್ಟ್ ಕೊಂಡು ತಂದು ಕಾಫಿ ಹುದುಗಿಸುವ ತೊಟ್ಟಿಗೆ ಹಾಕುತ್ತಿದ್ದಾರೆ. ಕಳೆದ ಕೊಯ್ಲಿನಲ್ಲಿ ನಾವೂ ಹಾಕಿದೆವು. ಸಕ್ಕರೆ ನೀರಿನಲ್ಲಿ ನೊರೆಯೆದ್ದ ಯೀಸ್ಟಿನಲ್ಲಿ ಮಿಕ್ಕದ್ದನ್ನು, ದಂಡವಾಗದಿರಲೆಂದು, ಫ್ರೀಜರಿನಲ್ಲಿಟ್ಟೆವು. ವಾರದ ಮೇಲೆ ಅದನ್ನೇ ತೊಟ್ಟಿಗೆ ಸುರಿದರೆ ಯೀಸ್ಟ್ ಏಳಲೇ ಇಲ್ಲ. ಬೀಜಕ್ಕೆ ಹುಳಿ ವಾಸನೆ ಹತ್ತಿತು, ದರವೂ ಇಳಿಯಿತು. ತಪ್ಪು ನಮ್ಮದೇ.

ಕಾರಣವನ್ನು ಅಡಿಗೆಮನೆಯಲ್ಲೇ ನೋಡಬಹುದು. ಧನುರ್ಮಾಸದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿರುತ್ತದೆ, ಕಡಲೆಕಾಯಿ ಎಣ್ಣೆ ಹರಿಯುತ್ತದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳು ಬಹುಪಾಲು ಪರ್ಯಾಪ್ತ; ನೆಟ್ಟಗಿದ್ದು ಒತ್ತಾಗಿ ಜೋಡಣೆಯಾಗುತ್ತವೆ. ಅಪರ್ಯಾಪ್ತ ಆಮ್ಲಗಳು ದ್ವಿಬಂಧವಿರುವಲ್ಲಿ ಬಾಗಿರುವುದರಿಂದ ಒತ್ತಾಗಲಾರವು.

ಯೀಸ್ಟಿನ ಜೀವಕೋಶದ ಪೊರೆಯೂ ಇಂಥದೇ ಜಿಡ್ಡಿನ, ಅಂದರೆ ಲಿಪಿಡ್ಡಿನ, ಎರಡು ಪದರ. ಹೆಪ್ಪುಗಟ್ಟುವಾಗ ಮೊದಲು ಹೊರಗಿನ ನೀರು ಮಂಜಾಗಿ ಒಳಗಿನ ನೀರನ್ನು ಸೆಳೆಯುತ್ತದೆ, ಕೋಶ ಸುಕ್ಕುತ್ತದೆ. ಕರಗುವಾಗ ಮತ್ತೆ ಉಬ್ಬುತ್ತದೆ. ಪೊರೆ ಮೆದುವಾಗಿದ್ದರೆ ಈ ಎಳೆದಾಟವನ್ನು ತಾಳೀತು. ಬಿರುಸಾಗಿದ್ದರೆ ಹರಿದು ಸೋರುತ್ತದೆ.

ಬ್ರೆಡ್ಡಿನ ಯೀಸ್ಟ್ ಒಂದೇ ದ್ವಿಬಂಧವುಳ್ಳ ಆಮ್ಲಗಳನ್ನು ಮಾತ್ರ ತಯಾರಿಸಬಲ್ಲದು. ಅದಕ್ಕೂ ಆಮ್ಲಜನಕ ಬೇಕು. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸ್ಪೇನಿನ ವಿಜ್ಞಾನಿಗಳು ಸೂರ್ಯಕಾಂತಿಯ ಜೀನನ್ನು ಯೀಸ್ಟಿಗೆ ಸೇರಿಸಿದರು. ಎರಡು ದ್ವಿಬಂಧದ ಆಮ್ಲ ಉಂಟಾಗಿ ಪೊರೆ ಸಡಿಲವಾಯಿತು. ಹೆಪ್ಪುಗಟ್ಟಿಸಿದಾಗ ಬದುಕುವ ಶಕ್ತಿಯೂ ಹೆಚ್ಚಿತು.

ಪೊರೆಯೊಂದೇ ಸಾಲದು. ಟ್ರೆಹಲೋಸ್ ಎಂಬ ಸಕ್ಕರೆಯೂ ಅದನ್ನು ಕಾಯುತ್ತದೆ. ಹುದುಗುವಿಕೆ ಆರಂಭವಾದೊಡನೆ ಯೀಸ್ಟ್ ಆ ದಾಸ್ತಾನನ್ನು ಖರ್ಚು ಮಾಡಿಬಿಡುತ್ತದೆ. ಎಚ್ಚೆತ್ತ ಯೀಸ್ಟಿಗೆ ಫ್ರೀಜರ್ ಆಗದಿರುವುದು ಇದರಿಂದಲೇ. ಒಣ ಯೀಸ್ಟಿನಲ್ಲಿ ನೀರೇ ಅತ್ಯಲ್ಪವಾದ್ದರಿಂದ ಅದು ಚಳಿ ತಾಳುತ್ತದೆ.

ಆದುದರಿಂದ ಸದಸ್ಯರು ಗಮನಿಸಬೇಕಾದ ಅಂಶಗಳು:

1. ಒಣ ಯೀಸ್ಟನ್ನು ಗಾಳಿ, ತೇವ ತಾಗದಂತೆ ಕಟ್ಟಿ ತಂಪಿನಲ್ಲಿಡಿ.

2. ತಣ್ಣೀರಿನಲ್ಲಿ ನೆನೆಸಬೇಡಿ. ಒಣಗಿದ ಪೊರೆ ತಣ್ಣೀರಿನಲ್ಲಿ ಸೋರುತ್ತದೆ. ಪೊಟ್ಟಣದಲ್ಲಿ ಹೇಳಿದಷ್ಟು ಬೆಚ್ಚಗಿನ ನೀರನ್ನೇ ಬಳಸಿ.

3. ಅಂದಿಗೆ ಬೇಕಾದಷ್ಟನ್ನೇ ಎಬ್ಬಿಸಿ. ಮಿಕ್ಕದ್ದನ್ನು ಹೆಪ್ಪುಗಟ್ಟಿಸಿ ಇಡಬೇಡಿ.

4. ಹಳೆಯ ಪೊಟ್ಟಣವಾದರೆ ಮೊದಲು ಒಂದು ಲೋಟ ಬೆಚ್ಚಗಿನ ಸಕ್ಕರೆ ನೀರಿನಲ್ಲಿ ಪರೀಕ್ಷಿಸಿ. ನೊರೆ ಏಳದಿದ್ದರೆ ಹೋಗುವುದು ಚಿಟಿಕೆ ಯೀಸ್ಟ್ ಮಾತ್ರ, ತೊಟ್ಟಿಯ ಕಾಫಿಯಲ್ಲ.