ದಪ್ಪ ಆಯಿಲ್ ಬೇಡ, ಪುಸ್ತಕದ ಆಯಿಲ್ ಸಾಕು

ಸಂತೆಮರಹಳ್ಳಿ ಸರ್ಕಲ್ಲಿನಿಂದ ಒಂದು ರಸ್ತೆ ಚಾಮರಾಜನಗರಕ್ಕೆ, ಒಂದು ಯಳಂದೂರಿಗೆ, ಇನ್ನೊಂದು ಮೂಗೂರಿನ ಮೇಲೆ ತಿ. ನರಸೀಪುರಕ್ಕೆ. ಇವುಗಳಲ್ಲಿ ಯಾವ ರಸ್ತೆಯ ಮಗ್ಗುಲಿನ ಗ್ಯಾರೇಜಿಗೆ ಗಾಡಿ ಬಿಟ್ಟರೂ ಎರಡು ಮಾತು ಕಿವಿಗೆ ಬೀಳುತ್ತವೆ. ‘ನಮ್ ಕಡೆ ಬಿಸ್ಲು ಜಾಸ್ತಿ ಕನಣ್ಣ, ದಪ್ಪಗಿರೋ ಆಯಿಲ್ಲೇ ಹಾಕ್ಸು’ ಅನ್ನುವುದು ಒಂದು. ‘ಎರಡ್ ಸಾವ್ರ ಓಡದೆ, ಬದ್ಲಾಯ್ಸ್‌ಬುಡು’ ಅನ್ನುವುದು ಇನ್ನೊಂದು. ಮೊದಲನೆಯದು ಈಗಿನ ಗಾಡಿಗಳ ಮಟ್ಟಿಗೆ ತಪ್ಪು. ಎರಡನೆಯದು ಕೆಲವರಿಗೆ ಸರಿ, ಬಹಳಷ್ಟು ಜನಕ್ಕೆ ದಂಡದ ಖರ್ಚು. ನೀವು ಯಾವ ಗುಂಪಿಗೆ ಸೇರಿದವರು ಎಂಬುದು ಗಾಡಿಯ ಕಂಪನಿಗಿಂತ ಅದು ದಿನವೂ ಎಲ್ಲಿ, ಎಷ್ಟು ದೂರ, ಎಷ್ಟು ಭಾರ ಹೊತ್ತು ಓಡುತ್ತದೆ ಎಂಬುದರ ಮೇಲೆ ನಿಂತಿದೆ.

ಮೊದಲು ಮೂರು ವಿಷಯ ಬರೆದಿಟ್ಟುಕೊಳ್ಳಿ

ಗಾಡಿ ಕೊಂಡಾಗ ಕೊಟ್ಟ ಪುಸ್ತಕ ಹುಡುಕಿ. ಕಳೆದುಹೋಗಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಸಿಗುತ್ತದೆ, ಮೊಬೈಲಿಗೆ ಇಳಿಸಿಕೊಳ್ಳಬಹುದು. ಅದರಲ್ಲಿ ಆಯಿಲ್‌ನ ಗ್ರೇಡು, ಗುಣಮಟ್ಟದ ಗುರುತು ಮತ್ತು ಬದಲಾಯಿಸುವಾಗ ಎಷ್ಟು ಮಿಲಿಲೀಟರ್ ಹಾಕಬೇಕು ಎಂಬುದು ಇರುತ್ತದೆ. ಅಂಗಡಿಗೆ ಹೋಗಿ ‘ಸ್ಪ್ಲೆಂಡರ್‌ಗೆ ಒಂದು ಆಯಿಲ್ ಕೊಡಿ’ ಎಂದು ಕೇಳುವ ಬದಲು ಈ ಚೀಟಿ ತೋರಿಸಿ.

ಗ್ರೇಡು ಎಂದರೆ ಡಬ್ಬದ ಮೇಲಿನ 10ಡಬ್ಲ್ಯು-30, 20ಡಬ್ಲ್ಯು-40, 5ಡಬ್ಲ್ಯು-30 ಎಂಬ ಬರಹ. ಡಬ್ಲ್ಯು ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಹೇಳುತ್ತದೆ; ಅದು ಚಿಕ್ಕದಾದಷ್ಟೂ ಸಲೀಸು. 10ಡಬ್ಲ್ಯು ಆಯಿಲ್ ಮೈನಸ್ 25 ಡಿಗ್ರಿಯಲ್ಲೂ ಎಂಜಿನ್ ತಿರುಗಿಸಲು ಬಿಡಬೇಕು, 20ಡಬ್ಲ್ಯು ಆಯಿಲ್‌ಗೆ ಮೈನಸ್ 15 ಡಿಗ್ರಿ ಸಾಕು. ಮುಂದಿನ ಅಂಕಿ 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಉಳಿಯುತ್ತದೆ ಎಂಬುದರ ಲೆಕ್ಕ.

ಇಲ್ಲಿಯೇ ‘ಬಿಸಿಲಿಗೆ ದಪ್ಪ’ ಎಂಬ ವಾದ ಬಿದ್ದುಹೋಗುತ್ತದೆ. ಚಾಮರಾಜನಗರದ ಬೇಸಿಗೆ ಎಷ್ಟೇ ಸುಟ್ಟರೂ 38 ಡಿಗ್ರಿ ಆಸುಪಾಸು. ಎಂಜಿನ್ ಒಳಗೆ ಆಯಿಲ್ ಕಾಯುವುದು 100ರ ಹತ್ತಿರ, ಅದೂ ಮಳೆಗಾಲ ಬೇಸಿಗೆ ಎನ್ನದೆ. ಪುಸ್ತಕ ಬರೆದವರು ರಾಜಸ್ಥಾನದ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಈ ಅಂಕಿ ಕೊಟ್ಟಿರುತ್ತಾರೆ. 10ಡಬ್ಲ್ಯು-30 ಕೇಳುವ ಬೈಕಿಗೆ 20ಡಬ್ಲ್ಯು-50 ಸುರಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಭಾಗಗಳಿಗೆ ಆಯಿಲ್ ತಲುಪುವುದು ತಡವಾಗುತ್ತದೆ. ಎಂಜಿನ್ ಸವೆಯುವುದೇ ಹೆಚ್ಚಾಗಿ ಆ ಮೊದಲ ಕೆಲವು ಗಳಿಗೆಯಲ್ಲಿ. ಜೊತೆಗೆ ಮೈಲೇಜು ಸ್ವಲ್ಪ ಇಳಿಯುತ್ತದೆ. ತೀರ ಹಳೆಯದಾಗಿ ಆಯಿಲ್ ಕುಡಿಯುವ ಎಂಜಿನ್ನಿಗೆ ಒಂದು ಹಂತ ಗಟ್ಟಿ ಆಯಿಲ್ ಹಾಕಿ ಕಾಲ ತಳ್ಳುವುದುಂಟು. ಅದು ರಿಪೇರಿ ಮುಂದೂಡುವ ಉಪಾಯ ಅಷ್ಟೇ.

ಕ್ಲಚ್ಚಿನ ಗುರುತು

ಬೈಕಿಗೂ ಕಾರಿಗೂ ದೊಡ್ಡ ವ್ಯತ್ಯಾಸ ಇದೆ. ಗೇರ್ ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ಚು ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಜಾರುಗುಣ ಹೆಚ್ಚಿಸುವ ರಾಸಾಯನಿಕ ಬೆರೆಸಿದ ಕಾರಿನ ಆಯಿಲ್ ಹಾಕಿದರೆ ಕ್ಲಚ್ಚು ಜಾರತೊಡಗುತ್ತದೆ: ಆಕ್ಸಿಲರೇಟರ್ ಕೊಟ್ಟಷ್ಟೂ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ಅದಕ್ಕೇ ಡಬ್ಬದ ಮೇಲೆ ಜಾಸೊ ಎಂಎ ಅಥವಾ ಎಂಎ2 ಎಂಬ ಗುರುತು ಇರಬೇಕು. ಗೇರಿಲ್ಲದ ಸ್ಕೂಟರಿನ ಕ್ಲಚ್ಚು ಒಣ ಜಾಗದಲ್ಲಿರುತ್ತದೆ, ಅದಕ್ಕೆ ಹೆಚ್ಚಾಗಿ ಹೇಳುವುದು ಎಂಬಿ. ಸ್ಕೂಟರಿಗೆ ಎಂಎ ಹಾಕಿದರೆ ಆಪತ್ತೇನಿಲ್ಲ. ಬೈಕಿಗೆ ಎಂಬಿ ಹಾಕಿದರೆ ಕ್ಲಚ್ಚಿಗೆ ಆಪತ್ತು. ಸ್ಕೂಟರಿನ ಹಿಂಚಕ್ರದ ಬಳಿ ಬೇರೆಯೇ ಗೇರ್ ಆಯಿಲ್ ಇದೆ ಎಂಬುದು ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ, ಅದನ್ನೂ ಕೇಳಿ ಬದಲಾಯಿಸಿಕೊಳ್ಳಿ.

ಇನ್ನು ಎಪಿಐ ಗುರುತು. ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಅಕ್ಷರದಿಂದಾದರೆ ಡೀಸೆಲ್‌ಗೆ. ಪೆಟ್ರೋಲಿನದರಲ್ಲಿ ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಹೊಸದು. ಎಸ್‌ಎಲ್ ಕೇಳುವ ಗಾಡಿಗೆ ಎಸ್‌ಎನ್ ಹಾಕಬಹುದು, ಹಿಂದಕ್ಕೆ ಹೋಗಬಾರದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಪಿಕಪ್, ಜೀಪು, ಕಾರುಗಳಿಗೆ ಮಾತ್ರ ಬಹಳ ಹುಷಾರು. ಅವುಗಳಲ್ಲಿ ಹೆಚ್ಚಿನವಕ್ಕೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಹೆಚ್ಚು ಬೂದಿ ಬಿಡುವ ಹಳೇ ಕಾಲದ ಆಯಿಲ್ ಹಾಕಿದರೆ ಆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಅದರ ಬೆಲೆಗೆ ವರ್ಷಾನುಗಟ್ಟಲೆ ಆಯಿಲ್ ಕೊಳ್ಳಬಹುದು. ಇಲ್ಲಿ ಪುಸ್ತಕದ ಅಕ್ಷರ ಬಿಟ್ಟು ಒಂದಿಂಚೂ ಆಚೆ ಹೋಗಬೇಡಿ.

ಒಂದು ಮಾತು ಮೊಪೆಡ್ ಇಟ್ಟುಕೊಂಡವರಿಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಓಡಿಸಿದವರಿಗೂ ಹಳೆಯ ಎಕ್ಸ್‌ಎಲ್ ಸೂಪರ್ ಇದ್ದವರಿಗೂ ಪೆಟ್ರೋಲ್ ಜೊತೆ 2ಟಿ ಆಯಿಲ್ ಬೆರೆಸಿ ಅಭ್ಯಾಸ. ಎಂಜಿನ್ ಆಯಿಲ್ ‘ಬದಲಾಯಿಸುವ’ ಪ್ರಶ್ನೆಯೇ ಇರಲಿಲ್ಲ. 2015ರಲ್ಲಿ ಬಂದ ಎಕ್ಸ್‌ಎಲ್ 100 ಫೋರ್ ಸ್ಟ್ರೋಕ್. ಅದರ ಹೊಟ್ಟೆಯಲ್ಲಿ ಆಯಿಲ್ ನಿಂತಿರುತ್ತದೆ, ಹಳತಾಗುತ್ತದೆ, ಬದಲಾಯಿಸಲೇಬೇಕು. ಹುಲ್ಲು, ಹಾಲಿನ ಕ್ಯಾನು, ರೇಷ್ಮೆ ಗೂಡಿನ ಚೀಲ ಎಲ್ಲ ಹೇರಿಸಿಕೊಂಡು ದುಡಿಯುವ ಈ ಗಾಡಿಯನ್ನು ಮನೆಯ ಹಿರಿಯರು ಓಡಿಸುತ್ತಿದ್ದರೆ ಇದೊಂದನ್ನು ಅವರಿಗೆ ಹೇಳಿ. ಇದರ ಟ್ಯಾಂಕಿಗೆ 2ಟಿ ಬೆರೆಸುವುದೂ ಬೇಡ.

ಯಾವಾಗ ಬದಲಾಯಿಸಬೇಕು?

ಈಗಿನ ಬಹಳಷ್ಟು ಬೈಕು ಸ್ಕೂಟರುಗಳ ಪುಸ್ತಕ ಸುಮಾರು 6,000 ಕಿಲೋಮೀಟರ್ ಹೇಳುತ್ತದೆ, ಕೆಲವು ಇನ್ನೂ ಹೆಚ್ಚು. ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 10,000 ಅಥವಾ ಒಂದು ವರ್ಷ. ಹೊಸ ಗಾಡಿಯ ಮೊದಲ ಸರ್ವೀಸ್ ಮಾತ್ರ ಬೇಗ. ವರ್ಷಕ್ಕೆ 12,000 ಓಡಿಸುವವರು ಎರಡು ಸಾವಿರಕ್ಕೊಮ್ಮೆ ಬದಲಾಯಿಸಿದರೆ ಆರು ಡಬ್ಬ, ಪುಸ್ತಕದಂತೆ ನಡೆದರೆ ಎರಡು. ಎರಡು ಸಾವಿರದ ಲೆಕ್ಕ ಹಳೆಯ ಎಂಜಿನ್, ಹಳೆಯ ಆಯಿಲ್‌ಗಳ ಕಾಲದ್ದು.

ಆದರೆ ಪುಸ್ತಕದಲ್ಲೇ ಇನ್ನೊಂದು ಸಾಲು ಸಣ್ಣಕ್ಷರದಲ್ಲಿರುತ್ತದೆ: ದೂಳು, ಭಾರ, ಸಣ್ಣ ಓಡಾಟ ಇದ್ದರೆ ಬೇಗ ಬದಲಾಯಿಸಿ ಎಂದು. ನಮ್ಮ ಜಿಲ್ಲೆಯಲ್ಲಿ ಓದಬೇಕಾದ್ದು ಆ ಸಾಲನ್ನೇ.

ಮನೆಯಿಂದ ಸರ್ಕಲ್ಲಿಗೆ, ಸರ್ಕಲ್ಲಿನಿಂದ ತೋಟಕ್ಕೆ ಎಂದು ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಬೈಕಿನ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಒಳಗೆ ಸೇರಿದ ನೀರಿನ ಹನಿ, ಸುಡದ ಪೆಟ್ರೋಲ್ ಆವಿಯಾಗಿ ಹೋಗದೆ ಆಯಿಲ್‌ಗೇ ಬೆರೆಯುತ್ತವೆ. ದಿನವೂ ಗುಂಡ್ಲುಪೇಟೆಯಿಂದ ಮೈಸೂರಿಗೆ ಹೋಗಿ ಬರುವ ಗಾಡಿಯ ಆಯಿಲ್ 6,000ದಲ್ಲಿ ಇದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ. ಹೀಗೆ ಸಣ್ಣ ಓಡಾಟದವರು ಕಿಲೋಮೀಟರ್ ಬಿಟ್ಟು ತಿಂಗಳು ಹಿಡಿಯಿರಿ: ಆರು ತಿಂಗಳಿಗೊಮ್ಮೆ, ಮೀಟರ್ ಎಷ್ಟೇ ತೋರಿಸಲಿ.

ಕರಿಕಲ್ಲು ಕ್ವಾರಿ, ಕ್ರಷರ್ ರಸ್ತೆಯಲ್ಲಿ ಓಡಾಡುವವರದು ಬೇರೆ ಕಥೆ. ಕಲ್ಲಿನ ದೂಳು ಎಂಜಿನ್ ಒಳಗಿನ ಲೋಹವನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಅದು ಒಳಗೆ ಹೋಗುವುದು ಏರ್ ಫಿಲ್ಟರ್ ಮೂಲಕ. ಹರಿದ, ಕಟ್ಟಿದ ಏರ್ ಫಿಲ್ಟರ್ ಹಾಗೇ ಬಿಟ್ಟು ಆಯಿಲ್ ಮಾತ್ರ ಪದೇ ಪದೇ ಬದಲಾಯಿಸುವುದು ನನ್ನ ಪ್ರಕಾರ ಈ ಕಡೆ ಆಗುವ ಅತಿ ದೊಡ್ಡ ದುಂದು. ಮೊದಲು ಫಿಲ್ಟರ್, ಆಮೇಲೆ ಆಯಿಲ್. ಇವರು ಪುಸ್ತಕದ ಲೆಕ್ಕವನ್ನು ಅರ್ಧಕ್ಕೆ ಇಳಿಸುವುದು ಸರಿ.

ತೆರಕಣಾಂಬಿಯ ತರಕಾರಿ ಹೇರಿಕೊಂಡು ಊಟಿ ಅಥವಾ ವಯನಾಡಿಗೆ, 27 ತಿರುವಿನ ದಿಂಬಂ ಘಾಟಿಯ ಮೇಲೆ ತಮಿಳುನಾಡಿಗೆ ವಾರಪೂರ್ತಿ ಹತ್ತಿ ಇಳಿಯುವ ಗೂಡ್ಸ್ ಗಾಡಿಗಳೂ ಬೇಗ ಬದಲಾಯಿಸಬೇಕು. ಮೂರನೇ ಒಂದು ಭಾಗ ಕಡಿಮೆ ಮಾಡಿದರೆ ಸಾಕು. ವರ್ಷಕ್ಕೊಮ್ಮೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಬರುವ ಬೈಕಿಗೆ ಇದು ಅನ್ವಯಿಸದು, ಹೊರಡುವ ಮುಂಚೆ ಆಯಿಲ್ ಮಟ್ಟ ನೋಡಿದರೆ ಆಯಿತು.

ಟ್ರ್ಯಾಕ್ಟರಿಗೆ ಕಿಲೋಮೀಟರ್ ಲೆಕ್ಕವಿಲ್ಲ, ಗಂಟೆಯ ಮೀಟರ್ ನೋಡಬೇಕು. ಅನೇಕ ಮಾದರಿಗಳಿಗೆ 250 ಗಂಟೆ, ಹೊಸ ಕೆಲವಕ್ಕೆ ಹೆಚ್ಚು. ಮೀಟರ್ ಕೆಟ್ಟಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಮೀಟರೇ ಇಲ್ಲದ ಟಿಲ್ಲರ್ ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನ ಉತ್ತ ಗಂಟೆ ಗೀಚಿಡಿ.

ಬಣ್ಣ ನೋಡಿ ಮೋಸಹೋಗಬೇಡಿ

ಆಯಿಲ್ ಕಪ್ಪಾಯಿತು ಎಂದರೆ ಕೆಟ್ಟಿತು ಎಂದಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವೇ ದಿನಕ್ಕೆ ಕಪ್ಪಗಾಗುತ್ತದೆ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ನಿಜವಾಗಿ ಹೆದರಬೇಕಾದ್ದು ಬೇರೆ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ನೀರು ಸೇರಿದೆ. ಬೆರಳಿಗೆ ಮಿಣಮಿಣ ಲೋಹದ ಪುಡಿ ಹತ್ತಿದರೆ ಒಳಗೆ ಏನೋ ಸವೆಯುತ್ತಿದೆ. ಬಿಎಸ್ 6 ಡೀಸೆಲ್ ಗಾಡಿಯಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಡೀಸೆಲ್ ಬೆರೆಯುತ್ತಿದೆ ಎಂದು ತಿಳಿಯಿರಿ: ಊರೊಳಗಿನ ಸಣ್ಣ ಓಡಾಟದಲ್ಲಿ ಮಸಿ ಫಿಲ್ಟರ್ ತನ್ನನ್ನು ತಾನು ಸುಟ್ಟು ಚೊಕ್ಕ ಮಾಡಿಕೊಳ್ಳುವ ಕೆಲಸ ಅರ್ಧಕ್ಕೇ ನಿಂತಾಗ ಹೀಗಾಗುತ್ತದೆ. ತಡಮಾಡದೆ ಸರ್ವೀಸಿಗೆ ಬಿಡಿ.

ತಿಂಗಳಿಗೆರಡು ಸಲ ಮಟ್ಟ ನೋಡುವುದು, ಬೇಗ ಬೇಗ ಬದಲಾಯಿಸುವುದಕ್ಕಿಂತ ಮೇಲು. ಸಮತಟ್ಟಾದ ಜಾಗದಲ್ಲಿ ಬೈಕನ್ನು ನೇರ ನಿಲ್ಲಿಸಿ, ಎಂಜಿನ್ ಒಂದೆರಡು ನಿಮಿಷ ಓಡಿಸಿ ಆರಿಸಿ, ಮತ್ತೆರಡು ನಿಮಿಷ ಬಿಡಿ. ಕಡ್ಡಿ ಒರೆಸಿ ಅದ್ದಿ ನೋಡಿ. ಅನೇಕ ಬೈಕುಗಳಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿಯದೆ ಸುಮ್ಮನೆ ಕೂರಿಸಬೇಕು, ಇಲ್ಲದಿದ್ದರೆ ಮಟ್ಟ ತಪ್ಪು ತೋರಿಸುತ್ತದೆ. ಎರಡು ಗೆರೆಗಳ ನಡುವೆ ಇದ್ದರೆ ಸಾಕು.

ಬದಲಾಯಿಸುವಾಗ ಕಣ್ಣು ಅಲ್ಲೇ ಇರಲಿ

ಗಾಡಿ ಸ್ವಲ್ಪ ಓಡಿ ಬೆಚ್ಚಗಿರುವಾಗಲೇ ಡ್ರೈನ್ ನಟ್ ಬಿಚ್ಚಿಸಿ, ಪೂರ್ತಿ ತೊಟ್ಟಿಕ್ಕಲು ಬಿಡಿ. ವಾಷರ್ ಹೊಸದು ಹಾಕಿಸಿ. ನಟ್ಟನ್ನು ಮೈಬಲ ಹಾಕಿ ಬಿಗಿಯುವವರನ್ನು ತಡೆಯಿರಿ, ಅಲ್ಯೂಮಿನಿಯಂ ಮರೆ ಹಾಳಾದರೆ ದೊಡ್ಡ ಕೆಲಸ. ಪೇಪರ್ ಫಿಲ್ಟರ್ ಇರುವ ಬೈಕಾದರೆ ಅದನ್ನೂ ಬದಲಾಯಿಸಿ. ಜಾಲರಿ ಮಾತ್ರ ಇದ್ದರೆ ತೊಳೆಸಿ. ಆಮೇಲೆ ಚೀಟಿಯಲ್ಲಿ ಬರೆದ ಅಳತೆಯಷ್ಟೇ ಹಾಕಿಸಿ. 800 ಅಥವಾ 900 ಮಿಲಿಲೀಟರ್ ಹಿಡಿಯುವ ಎಂಜಿನ್ನಿಗೆ ‘ಉಳಿದದ್ದು ಯಾಕೆ ವೇಸ್ಟು’ ಎಂದು ಲೀಟರ್ ಡಬ್ಬ ಪೂರ್ತಿ ಬಗ್ಗಿಸಿದರೆ ಆಯಿಲ್ ನೊರೆಯೇಳುತ್ತದೆ, ಏರ್ ಫಿಲ್ಟರ್‌ವರೆಗೂ ಉಕ್ಕಬಹುದು. ಉಳಿದದ್ದನ್ನು ಮುಚ್ಚಳ ಬಿಗಿದು ಮನೆಗೆ ತನ್ನಿ, ಮಟ್ಟ ಇಳಿದಾಗ ಬೇಕಾಗುತ್ತದೆ.

ಸಿಂಥೆಟಿಕ್ ಬೇಕೇ? ಪುಸ್ತಕ ಕೇಳಿದರೆ ಬೇಕು. ಕಾದಾಗ ಅದು ಹೆಚ್ಚು ತಾಳುತ್ತದೆ, ನಿಜ. ಸಾಧಾರಣ 100 ಸಿಸಿ ಬೈಕಿಗೆ ಪುಸ್ತಕದ ಗ್ರೇಡಿನ ಮಿನರಲ್ ಆಯಿಲ್ ಧಾರಾಳ ಸಾಕು. ಎಂಜಿನ್ನಿಗೆ ‘ಪವರ್’ ತರುತ್ತದೆ ಎಂದು ಮಾರುವ ಸಣ್ಣ ಬಾಟಲಿಗಳ ಗೊಡವೆ ಬೇಡ.

ನಕಲಿ ಆಯಿಲ್ ಭಯ ಇದ್ದರೆ ಪೆಟ್ರೋಲ್ ಬಂಕಿನಲ್ಲೋ ಕಂಪನಿಯ ಸರ್ವೀಸ್ ಸೆಂಟರಿನಲ್ಲೋ ಕೊಳ್ಳಿ, ಸೀಲನ್ನು ನಿಮ್ಮೆದುರೇ ಒಡೆಸಿ, ಖಾಲಿ ಡಬ್ಬಕ್ಕೆ ಸ್ಕ್ರೂಡ್ರೈವರ್‌ನಿಂದ ತೂತು ಹಾಕಿ. ಬಸಿದ ಹಳೇ ಆಯಿಲ್ ಅನ್ನು ಗೆದ್ದಲಿಗೆಂದು ಬೇಲಿ ಕಂಬಕ್ಕೆ ಬಳಿಯುವ ರೂಢಿ ಇದೆ. ಅದರಲ್ಲಿ ಲೋಹ, ಮಸಿ ಎರಡೂ ಇರುತ್ತವೆ. ಮಳೆ ಬಂದರೆ ಮಣ್ಣಿಗೆ, ಬಾವಿಗೆ ಇಳಿಯುತ್ತವೆ, ಬರಿಗೈಗೆ ಹತ್ತಿದರೆ ಚರ್ಮಕ್ಕೂ ಕೆಟ್ಟದ್ದು. ಕಾನೂನಿನ ಪ್ರಕಾರವೂ ಅದು ಅಪಾಯಕಾರಿ ತ್ಯಾಜ್ಯ. ಮನೆಯಲ್ಲೇ ಬದಲಾಯಿಸಿಕೊಂಡವರು ಅದನ್ನು ಹಳೇ ಕ್ಯಾನಿಗೆ ತುಂಬಿ, ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ. ಮರಳುವ ಮುಂಚೆ ಸೀಟಿನ ಕೆಳಗೆ ಒಂದು ಟೇಪ್ ಅಂಟಿಸಿ, ಇವತ್ತಿನ ತಾರೀಖು ಮತ್ತು ಮೀಟರಿನ ಅಂಕಿ ಬರೆಯಿರಿ.